ಚಳಿ ಬಚ್ಚಪ್ಪನ ಗಾಳಿಪೆಟ್ಟಿಗೆ

ಆಂಡರ್ಸನ್‌ಪೇಟೆಯಲ್ಲಿ ಆ ಕಾಲದಲ್ಲಿ ಏನಕ್ಕೆ ಬರ ಬಂದರೂ ಬಚ್ಚಪ್ಪಂದಿರಿಗೆ ಬರವಿರಲಿಲ್ಲ. ಬೀದಿಯಲ್ಲಿ ನಿಂತು ‘ಲೇ ಬಚ್ಚಪ್ಪ’ ಎಂದು ಕೂಗಿದರೆ ನಾಲ್ಕು ತಲೆ ತಿರುಗುತ್ತಿದ್ದವು. ಅದಕ್ಕೇ ಜನ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಲ ಕಟ್ಟಿದ್ದರು. ಸೋಡಾ ಅಂಗಡಿಯವನು ಸೋಡಾ ಬಚ್ಚಪ್ಪ, ಮಾತೆತ್ತಿದರೆ ಕೋರ್ಟಿಗೆ ಹೋಗುತ್ತೇನೆ ಎನ್ನುವವನು ಲಾಯರ್ ಬಚ್ಚಪ್ಪ. ನಮ್ಮ ಬಚ್ಚಪ್ಪ ಮಾತ್ರ ಚಳಿ ಬಚ್ಚಪ್ಪ. ಹೊಸಬರು ಅವನಿಗೆ ಚಳಿಜ್ವರ ಎಂದುಕೊಂಡು ಒಂದು ಮಾರು ದೂರ ಕೂರುತ್ತಿದ್ದರು. ಅವನೂ ಬಿಡಿಸಿ ಹೇಳುತ್ತಿರಲಿಲ್ಲ, ಬೀಡಿ ಹಚ್ಚಿಕೊಂಡು ನಗುತ್ತಿದ್ದ. ಆ ಹೆಸರು ಹೇಗೆ ಬಂತೆಂದು ಬಲ್ಲವರು ಈಗ ಊರಲ್ಲಿ ಕಡಿಮೆ. ಬಲ್ಲವರಲ್ಲೂ ಹೆಚ್ಚಿನವರಿಗೆ ಮೇಕೆಯ ಕಥೆ ಮಾತ್ರ ಗೊತ್ತು. ಮೇಕೆಯದು ನಗುವ ಭಾಗ, ಅದು ಎಲ್ಲರಿಗೂ ನೆನಪಿರುತ್ತದೆ.

ಬಚ್ಚಪ್ಪ ಬೂದಿಕೋಟೆ ಕಡೆಯ ಹಳ್ಳಿಯವನು. ಅಪ್ಪನ ಬೆನ್ನಿಗೆ ಬಿದ್ದು ಪೇಟೆಯ ಪಕ್ಕದ ಚಿನ್ನದ ಗಣಿಗೆ ಬಂದವನು ಮೀಸೆ ಪೂರಾ ಬಲಿಯುವ ಮೊದಲೇ ಕೇಜಿನಲ್ಲಿ ಇಳಿಯುವುದನ್ನು ಕಲಿತ. ಕೇಜು ಎಂದರೆ ಕಬ್ಬಿಣದ ಪಂಜರ. ಬಾವಿಗೆ ಕೊಡ ಇಳಿಸಿದ ಹಾಗೆ ಜನರನ್ನು ಭೂಮಿಯೊಳಗೆ ಇಳಿಸುತ್ತದೆ. ಅವನದು ಮರ ನಿಲ್ಲಿಸುವ ಕೆಲಸ. ಅದಿರು ತೆಗೆದ ಮೇಲೆ ಉಳಿಯುವ ಪೊಳ್ಳಿನಲ್ಲಿ ಮೇಲಿನ ಬಂಡೆ ಕುಸಿಯದಂತೆ ದಪ್ಪ ದಿಮ್ಮಿಗಳನ್ನು ಬಿಗಿದು ಕೂರಿಸಬೇಕು. ಬಚ್ಚಪ್ಪ ಕೂರಿಸಿದ ದಿಮ್ಮಿ ಎಂದರೆ ಮಿಕ್ಕವರು ಅದರ ಕೆಳಗೆ ನೆಮ್ಮದಿಯಾಗಿ ಬುತ್ತಿ ಬಿಚ್ಚುತ್ತಿದ್ದರು. ‘ಒಳಗಿನ ಕೆಲಸದವನು’ ಎಂಬ ಮಾತಿಗೆ ಆಗ ಇದ್ದ ಗತ್ತೇ ಬೇರೆ. ಮೇಲೆ ದುಡಿಯುವವರೂ ಗಣಿಯವರೇ, ಆದರೆ ಹೆಣ್ಣು ಕೊಡುವವರು ‘ಹುಡುಗ ಒಳಗೋ ಹೊರಗೋ’ ಎಂದು ಮೊದಲು ಕೇಳುತ್ತಿದ್ದರು. ಒಳಗೆ ಎಂದರೆ ಗಂಡಸು. ಈ ಜಂಬ ನಮ್ಮ ಬಚ್ಚಪ್ಪನಿಗೆ ನೆತ್ತಿಯಿಂದ ಅಂಗಾಲಿನವರೆಗೂ ಇತ್ತು.

ಹೆಂಡತಿ ಮುನಿಗಂಗಮ್ಮ ಅವನ ಸ್ವಂತ ಅಕ್ಕನ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ ‘ಇವಳು ನಮ್ಮ ಬಚ್ಚನಿಗೆ’ ಎಂದು ಅಕ್ಕ ಅಮ್ಮಾಜಮ್ಮ ಊರಿಗೆಲ್ಲ ಸಾರಿಬಿಟ್ಟಿದ್ದಳು. ಹಾಗಾಗಿ ತಾಳಿ ಕಟ್ಟಿದ ಮೇಲೂ ಅವಳಿಗೆ ಗಂಡ ‘ಮಾವ’ನೇ, ಅವನಿಗೆ ಅತ್ತೆ ‘ಅಕ್ಕ’ನೇ. ಅತ್ತೆಯೂ ಅಳಿಯನೆಂಬ ಮರ್ಯಾದೆಯ ಗೋಜಿಗೆ ಹೋಗದೆ ‘ಲೇ ಬಚ್ಚ’ ಎಂದೇ ಬೈಯುತ್ತಿದ್ದಳು. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇಬ್ಬರೇ. ಒಬ್ಬರು ಇಲ್ಲವೆಂದರೆ ಮನೆಯೇ ಇಲ್ಲ.

ಆ ಒಬ್ಬರು ಪ್ರತಿ ಬೇಸಿಗೆಯಲ್ಲೂ ಇರುತ್ತಿರಲಿಲ್ಲ, ಅದೇ ಬಚ್ಚಪ್ಪನ ಗೋಳು. ಯುಗಾದಿಯ ಒಬ್ಬಟ್ಟು ಅರಗುವ ಮೊದಲೇ ಮುನಿಗಂಗಮ್ಮ ಗಂಟು ಕಟ್ಟುತ್ತಿದ್ದಳು.

“ಈ ತಗಡಿನ ಮನೇಲಿ ಸೆಕೆ ತಡಿಯಕ್ಕಾಗಲ್ಲ ಮಾವ. ಊರಿಗೋಗಿ ಮಳೆ ಬಿದ್ದ ಮ್ಯಾಲೆ ಬತ್ತೀನಿ.”

ಸುಳ್ಳೇನಲ್ಲ. ಅವರದು ತಗಡು ಹೊದಿಸಿದ ಒಂದೂವರೆ ಕೋಣೆಯ ಮನೆ. ಮಧ್ಯಾಹ್ನದ ಹೊತ್ತು ತಗಡು ಕಾದು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ಒಳಗೆ ಕೂತವರಿಗೆ ಹಂಚಿನ ಮೇಲೆ ಕೂತ ರೊಟ್ಟಿಯ ಪಾಡು. ತವರಿನಲ್ಲಾದರೆ ಹುಲ್ಲು ಹೊದಿಸಿದ ಮನೆ, ಹಿತ್ತಲಲ್ಲಿ ಹೊಂಗೆಯ ನೆರಳು. ಬಚ್ಚಪ್ಪ ಏನು ತಾನೇ ಹೇಳಿಯಾನು? ಗಂಟು ತಾನೇ ಹೊತ್ತು ಅವಳ ಜೊತೆ ಬಂಗಾರಪೇಟೆವರೆಗೆ ರೈಲಿನಲ್ಲಿ ಹೋಗುತ್ತಿದ್ದ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಮಲ್ಲಿಗೆ ಹೂವು ಕೊಡಿಸಿ, ಬೂದಿಕೋಟೆ ಬಸ್ಸಿಗೆ ಹತ್ತಿಸುತ್ತಿದ್ದ. ಬಸ್ಸು ಎಬ್ಬಿಸಿದ ಧೂಳು ಅಡಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಒಬ್ಬನೇ ವಾಪಸು ರೈಲು ಹತ್ತುತ್ತಿದ್ದ. ಮುಂದಿನದು ಗಂಟುಗಂಟಾದ ಮುದ್ದೆ, ಉಪ್ಪಿಲ್ಲದ ಸಾರು, ಮಾತಿಲ್ಲದ ಸಂಜೆ. ಪಾಳಿ ಮುಗಿಸಿದವರೆಲ್ಲ ಮನೆಮನೆಗೆ ತಿರುಗಿಕೊಂಡರೆ ಇವನು ಬೇಕೆಂದೇ ಸುತ್ತು ಹಾಕಿ, ಪೇಟೆಯ ಬೆಂಚುಗಳ ಮೇಲೆಲ್ಲ ಕೂತು, ಕತ್ತಲಾದ ಮೇಲೆ ಬೀಗ ತೆಗೆಯುತ್ತಿದ್ದ.

ಕೆಳಗೆ, ಗಣಿಯ ಆಳದಲ್ಲಿ, ಬಂಡೆಯೇ ಬಿಸಿ. ಬರಿಗೈ ಇಟ್ಟರೆ ತೆಗೆಯಬೇಕಾಗುತ್ತಿತ್ತು. ಅದಕ್ಕೆಂದು ಮೇಲೆ ದೊಡ್ಡ ಯಂತ್ರಗಳನ್ನು ಕೂರಿಸಿ, ಗಾಳಿಯನ್ನು ತಣ್ಣಗೆ ಮಾಡಿ ಕೆಳಗಿಳಿಸುತ್ತಿದ್ದರು. ಕೆಲಸ ನಡೆಯುವ ಮೂಲೆಗೆ ಅದು ದಪ್ಪ ಕ್ಯಾನ್‌ವಾಸ್ ಪೈಪಿನಲ್ಲಿ ಬಂದು ಬೀಳುತ್ತಿತ್ತು. ಬುತ್ತಿಯ ಹೊತ್ತಿನಲ್ಲಿ ಆ ಪೈಪಿನ ಬಾಯಿಗೆ ಕೂರಲು ಚಿಕ್ಕ ಮಕ್ಕಳ ಹಾಗೆ ಜಗಳ. ಒಂದು ದಿನ ಬಚ್ಚಪ್ಪ ಅಲ್ಲಿ ಬೆವರು ಆರಿಸಿಕೊಳ್ಳುತ್ತ ಕೂತಿದ್ದಾಗ ಅವನಿಗೆ ತಟ್ಟನೆ ಹೊಳೆಯಿತು. ಪಾತಾಳದಲ್ಲಿ ಕೂತ ತನಗೆ ತಂಪು, ಭೂಮಿಯ ಮೇಲಿರುವ ಹೆಂಡತಿಗೆ ಸೆಕೆ. ಇದ್ಯಾವ ನ್ಯಾಯ? ಇಷ್ಟು ಆಳಕ್ಕೆ ತಂಪು ಇಳಿಸಬಹುದಾದರೆ ಒಂದೂವರೆ ಕೋಣೆಗೆ ಇಳಿಸಲಾಗದೇ?

ಆಗ ಐವತ್ತೇಳನೇ ಇಸವಿ. ಹಿಂದಿನ ವರ್ಷವೇ ಗಣಿಗಳು ಸರ್ಕಾರದ ಕೈಗೆ ಬಂದಿದ್ದವು. ಬಂಗಲೆಗಳ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದರು. ಹೊತ್ತೊಯ್ಯಲಾಗದ ಸಾಮಾನು ಬಂಗಲೆಯ ಅಂಗಳದಲ್ಲೇ ಹರಾಜಾಗುತ್ತಿತ್ತು. ಅಂಥ ಒಂದು ಬಂಗಲೆಯಲ್ಲಿ ಚಕ್ರದ ಮೇಲೆ ಓಡಾಡುವ ತಂಪಿನ ಪೆಟ್ಟಿಗೆ ಇದೆ, ಬರುವ ವಾರ ಹರಾಜಿಗೆ ಬರುತ್ತದೆ ಎಂದು ಬಚ್ಚಪ್ಪನಿಗೆ ಹೇಳಿದವನು ಅವನ ಬೀದಿಯ ಆರುಮುಗಂ. ಗಣಿಯ ಕರೆಂಟ್ ವಿಭಾಗದವನು, ತಮಿಳು ಕನ್ನಡ ತೆಲುಗು ಮೂರನ್ನೂ ಒಂದೇ ಬಾಣಲೆಯಲ್ಲಿ ಹುರಿದು ಬಡಿಸುವವನು.

ಆ ಸಂಜೆ ಬಚ್ಚಪ್ಪ ಸಂಭ್ರಮ ತಡೆಯಲಾರದೆ ಹೊಸಿಲಿನಲ್ಲೇ ಕೂಗಿದ: “ಗಂಗೀ, ಈ ಸಲ ನೀನು ಊರಿಗೋಗೋದು ಬ್ಯಾಡ. ಮನೆಗೆ ಏರ್ ತರ್ತೀನಿ!”

ಮುದ್ದೆ ತೊಳಸುತ್ತಿದ್ದ ಮುನಿಗಂಗಮ್ಮನ ಕೈ ಹಾಗೇ ನಿಂತಿತು.

“ಬಿಡ್ತು ಅನ್ನು ಮಾವ! ದೀಪ ಅಚ್ಚೋ ಒತ್ನಲ್ಲಿ ಇದೇನು ಮಾತು!”

ತಪ್ಪು ಬಚ್ಚಪ್ಪನದೇ. ಆ ಊರಿನಲ್ಲಿ ಆ ಪದಕ್ಕೆ ಒಂದೇ ಅರ್ಥ. ಆಳದಲ್ಲಿ ಭೂಮಿಯ ಭಾರ ತಾಳಲಾರದೆ ಬಂಡೆ ಸಿಡಿಯುವುದನ್ನು ದೊರೆಗಳು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು, ಜನರ ಬಾಯಲ್ಲಿ ಅದು ಬರೀ ‘ಏರ್’ ಆಗಿತ್ತು. ಏರ್ ಆದರೆ ಮೇಲಿನ ಮನೆಗಳೂ ಒಮ್ಮೆ ಅಲುಗುತ್ತಿದ್ದವು. ಗೋಡೆಯ ಹಲಗೆಯ ಮೇಲೆ ಜೋಡಿಸಿಟ್ಟ ಹಿತ್ತಾಳೆ ಪಾತ್ರೆಗಳು ಗಲ್ ಎನ್ನುತ್ತಿದ್ದವು. ಆ ಸದ್ದು ಕೇಳಿದ್ದೇ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಬೀದಿಗೆ ಬಂದು, ಕೇಜು ಇಳಿಸುವ ದೊಡ್ಡ ಚಕ್ರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಮೂರು ಮನೆ ಆಚೆಯ ಕನಕಮ್ಮ ಹಾಗೆ ನಿಂತವಳು ಕತ್ತಲಾದರೂ ನಿಂತೇ ಇದ್ದಳು. ಅವಳ ಗಂಡ ಮೇಲೆ ಬರಲಿಲ್ಲ. ಅದು ನಡೆದಾಗ ಮುನಿಗಂಗಮ್ಮ ಹೊಸ ಮದುವಣಗಿತ್ತಿ.

ಬಚ್ಚಪ್ಪ ನಾಲಿಗೆ ಕಚ್ಚಿಕೊಂಡು, ಇದು ಆ ಏರ್ ಅಲ್ಲ, ತಂಪಿನ ಏರ್, ದೊರೆಸಾನಿಯರು ಮುಂದೆ ಕೂತು ಸ್ವೆಟರ್ ಹೆಣೆಯುವಂಥದ್ದು ಎಂದು ಬಿಡಿಸಿ ಹೇಳಿದ. ಅವನ ಮುಖದ ಉತ್ಸಾಹ ನೋಡಿ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

“ಆಗ್ಲಿ ತಗೊಂಬಾ. ಅದು ತಂಪು ಮಾಡಿದ್ರೆ ನಾನು ಊರಿಗೋಗಲ್ಲ. ಸರೀನಾ?”

ಇಷ್ಟು ಸಾಕಾಯಿತು. ಹರಾಜಿನ ದಿನ ಕುರ್ಚಿ ಮೇಜುಗಳಿಗೆ, ಪಿಂಗಾಣಿಗೆ ಜನ ಮುಗಿಬಿದ್ದರು. ಸೊಂಟದೆತ್ತರದ ಆ ಕಂದು ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಲಿಲ್ಲ. ಕೆಳಗೆ ನಾಲ್ಕು ಚಕ್ರ, ಒಂದು ಮುಖದಲ್ಲಿ ಜಾಲರಿ, ಬೆನ್ನಿನಲ್ಲಿ ಆನೆಯ ಸೊಂಡಿಲಿನಂಥ ಪೈಪು. ಬಚ್ಚಪ್ಪ ಕೂಗಿದ್ದೇ ಕೊನೆಯ ಕೂಗಾಯಿತು, ಬೋನಸ್ಸಿನ ದುಡ್ಡು ಅಲ್ಲೇ ಇಳಿಯಿತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ತಾನು ಪಕ್ಕದಲ್ಲಿ ಕೂತು, ದಿಬ್ಬಣದ ಮದುಮಗನ ಹಾಗೆ ಆಂಡರ್ಸನ್‌ಪೇಟೆಗೆ ಬಂದ. ಬೀದಿ ಬೀದಿಯೇ ಹೊರಗೆ ನಿಂತಿತ್ತು. ಎದುರು ಮನೆಯ ಪಾಪಕ್ಕ, ಮೇಕೆ ಸಾಕಿಕೊಂಡು ಹಾಲಿನ ಜೊತೆ ಊರಿನ ಸುದ್ದಿಯನ್ನೂ ಹಂಚುವವಳು, ಸೊಂಟಕ್ಕೆ ಕೈಯಿಟ್ಟು ಹೇಳಿದಳು: “ಒಟ್ಟೆಗೆ ಇಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಊವು. ಮನೆ ಮ್ಯಾಲಿನ ತಗಡಿಗೆ ಒಂದು ಕೋಟು ಸುಣ್ಣ ಬಳಿಸಾಕೆ ಯೋಗ್ತಿ ಇಲ್ಲ ಇವ್ನಿಗೆ.”

ಬಚ್ಚಪ್ಪ ಕೇಳದವನಂತೆ ಪೆಟ್ಟಿಗೆಯನ್ನು ಒಳಗೆ ಉರುಳಿಸಿದ. ಆರುಮುಗಂ ಬಂದು ಬೇರೆ ದಪ್ಪ ವೈರು ಎಳೆದುಕೊಟ್ಟ. ಇನ್ನು ಪೆಟ್ಟಿಗೆ ಯಾವ ಕಡೆ ತಿರುಗಬೇಕು ಎಂಬ ಮಾತು ಬಂತು.

“ಅಣ್ಣಾ, ಜಾಲರಿ ಒಳಗೆ ಬರಬೇಕಾ, ಪೈಪು ಒಳಗೆ ಬರಬೇಕಾ? ನಾನು ಬಂಗಲೇಲಿ ಸ್ವಿಚ್ ಮಾತ್ರ ನೋಡಿದ್ದು,” ಎಂದು ಆರುಮುಗಂ ತಲೆ ಕೆರೆದುಕೊಂಡ.

ಬಚ್ಚಪ್ಪನಿಗೆ ನಗು ಬಂತು. “ಇದೂ ಒಂದು ಕೇಳೋ ಮಾತೇನ್ಲಾ? ಕೆಳಗೆ ನಮಗೆ ತಂಪು ಯಾವುದ್ರಾಗೆ ಬತ್ತದೆ? ಪೈಪ್ನಾಗೆ. ಪೈಪು ನನ್ನ ಎಂಡ್ತಿ ಕಡೆ ತಿರುಗ್ಸು.”

ಜಾಲರಿಯ ಮುಖ ಕಿಟಕಿಗೆ ಒತ್ತಿಕೊಂಡಿತು, ಸೊಂಡಿಲು ಮುನಿಗಂಗಮ್ಮನ ಚಾಪೆಯ ಕಡೆ ಚಾಚಿತು. ಮಗಳನ್ನು ಕರೆದೊಯ್ಯಲು ಅದೇ ದಿನ ಹಳ್ಳಿಯಿಂದ ಬಂದಿದ್ದ ಅಮ್ಮಾಜಮ್ಮನೂ ಮಗಳ ಪಕ್ಕದಲ್ಲಿ ಕೂತಳು. ಚಳಿಯಾದೀತೆಂದು ಬಚ್ಚಪ್ಪ ಇಬ್ಬರಿಗೂ ಕಂಬಳಿ ಹೊದಿಸಿದ. ಬಾಗಿಲು ಮುಚ್ಚಿ ಸ್ವಿಚ್ ಒತ್ತಿದ.

ಪೆಟ್ಟಿಗೆ ಗುಡುಗಿತು. ಮನೆಯ ಬಲ್ಬು ಕೆಂಪಗಾಯಿತು. ಪೈಪಿನಿಂದ ಗಾಳಿ ನುಗ್ಗಿ ಬಂತು, ಒಲೆಯ ಬಾಯಿಗೆ ಮುಖ ಒಡ್ಡಿದಂಥ ಗಾಳಿ.

“ಶುರುವಿನಾಗೆ ಅಂಗೇ ಇರ್ತದೆ,” ಎಂದ ಬಚ್ಚಪ್ಪ.

ಶುರುವು ಮುಗಿಯಲೇ ಇಲ್ಲ. ಕಂಬಳಿ ಹೋಯಿತು, ಸೆರಗು ಬೀಸಣಿಗೆಯಾಯಿತು. ಅಮ್ಮಾಜಮ್ಮನ ಹಣೆಯ ಕುಂಕುಮ ಕರಗಿ ಮೂಗಿಗಿಳಿಯಿತು. “ಲೇ ಬಚ್ಚ,” ಎಂದಳು ಅವಳು, “ನನ್ನ ಮಗಳ್ನ ಬೇಯ್ಸಿ ತಿನ್ನಾಕೆ ಇಷ್ಟು ದೊಡ್ಡ ಒಲೆ ತಂದೇನ್ಲಾ? ನಡಿ ಮಗಳೇ, ನಾಳೆ ಮೊದ್ಲ ಬಸ್ಸಿಗೇ ಓಗಾನ.”

ಬಚ್ಚಪ್ಪನ ಮುಖ ಸಣ್ಣಗಾಯಿತು. ದುಡ್ಡು ಹೋದದ್ದಕ್ಕಲ್ಲ, ಬಂಗಾರಪೇಟೆಯ ಆ ಬಸ್ಸು, ಆ ಧೂಳು ಕಣ್ಣ ಮುಂದೆ ಬಂತು.

ಆ ಹೊತ್ತಿಗೆ ಹೊರಗಿನ ಓಣಿಯಲ್ಲಿ ಪಾಪಕ್ಕನ ದನಿ ಏರಿತು. ಅವಳ ಮೇಕೆ ಹಗ್ಗ ಕಿತ್ತುಕೊಂಡು ಬಂದು ಬಚ್ಚಪ್ಪನ ಕಿಟಕಿಯ ಕೆಳಗೆ ನಿಂತಿತ್ತು. ಕಣ್ಣು ಮುಚ್ಚಿ, ಗಡ್ಡ ಮೇಲೆತ್ತಿ, ತಪಸ್ಸಿಗೆ ನಿಂತ ಹಾಗೆ. ಎಳೆದರೆ ಬಾರದು, ಹೊಡೆದರೆ ಅಲ್ಲಾಡದು. ಕೊರಳಿಗೆ ಕೈಹಾಕಿ ಎಳೆಯಲು ಬಗ್ಗಿದ ಪಾಪಕ್ಕ ತಾನೂ ಹಾಗೇ ನಿಂತುಬಿಟ್ಟಳು. “ಅಯ್ಯೋ ಶಿವನೇ! ಇವ್ರ ಕಿಟಕೀಲಿ ಮಾಗಿ ಚಳಿ ಬೀಸ್ತಾ ಐತಲ್ರೋ!”

ಬೆಳ್ಳಗಿರುವುದೆಲ್ಲ ಹಾಲಲ್ಲ. ದೊರೆಯ ಪೆಟ್ಟಿಗೆಯಲ್ಲಿ ಪೈಪು ಇದ್ದದ್ದು ಕೋಣೆಯ ಸೆಕೆಯನ್ನು ಹೊರಗೆ ದೂಡಲಿಕ್ಕೆ, ತಂಪು ಬರುತ್ತಿದ್ದುದು ಜಾಲರಿಯಿಂದ. ಗಣಿಯ ಆಳದಲ್ಲಿ ಕಲಿತದ್ದನ್ನು ಮನೆಯಲ್ಲಿ ಒಪ್ಪಿಸಲು ಹೋಗಿ ಬಚ್ಚಪ್ಪ ಇಡೀ ಓಣಿಗೆ ತಂಪು ದಾನ ಮಾಡಿ ಹೆಂಡತಿಗೆ ಬಿಸಿ ಉಣಿಸಿದ್ದ. ಪೆಟ್ಟಿಗೆಯನ್ನು ತಿರುಗಿಸಿದರು. ಸೊಂಡಿಲು ಕಿಟಕಿಯಿಂದಾಚೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಕೆ ಮುನಿಸಿಕೊಂಡು ಹೊರಟುಹೋಯಿತು, ಒಳಗೆ ಅಮ್ಮಾಜಮ್ಮ ಕಂಬಳಿ ಕೇಳಿದಳು. ಅಂದಿನಿಂದ ಅವನು ಚಳಿ ಬಚ್ಚಪ್ಪ.

ಆ ಬೇಸಿಗೆಯ ಮೊದಲ ದಿನಗಳು ಹೇಗಿದ್ದವು ಎಂದು ಆ ಬೀದಿಯ ಹಳಬರನ್ನು ಕೇಳಬೇಕು. ಬಚ್ಚಪ್ಪ ಪಾಳಿ ಮುಗಿಸಿ ಮನೆಗೆ ಬಂದರೆ ಪೆಟ್ಟಿಗೆ ಗುಡುಗುತ್ತಿತ್ತು, ಅಕ್ಕಪಕ್ಕದ ಬಲ್ಬುಗಳು ಮಂಕಾಗುತ್ತಿದ್ದವು. ‘ಬಚ್ಚಪ್ಪನ ಮನೆಗೆ ಮಾಗಿ ಬಂತು, ನಮಗೆ ಅಮಾವಾಸ್ಯೆ ಬಂತು’ ಎಂದು ಜನ ಬೈದುಕೊಂಡೇ ಚಾಪೆ ಹಿಡಿದು ಅವನ ಬಾಗಿಲಿಗೆ ಬರುತ್ತಿದ್ದರು. ಬಾಣಂತಿಯರು ಕೂಸುಗಳನ್ನು ತಂದು ಮಲಗಿಸುತ್ತಿದ್ದರು. ಪಾಪಕ್ಕ ಮಜ್ಜಿಗೆಯ ಗಡಿಗೆಯನ್ನು ಜಾಲರಿಯ ಮುಂದಿಟ್ಟು, ‘ಮಲ್ಲಿಗೆ ಊವಿನ’ ಮಾತು ತಾನು ಆಡಿದ್ದೇ ಅಲ್ಲವೆನ್ನುವ ಹಾಗೆ ಬಚ್ಚಪ್ಪನಿಗೇ ಮೊದಲ ಲೋಟ ಕೊಡುತ್ತಿದ್ದಳು. ಒಬ್ಬರ ಮನೆಯ ತಂಪು ಹತ್ತು ಮನೆಯವರಿಗೆ ಹಂಚಿಕೆಯಾಗುತ್ತಿದ್ದ ಕಾಲ ಅದು. ಈಗ ಮನೆಮನೆಗೂ ತಂಪಿನ ಪೆಟ್ಟಿಗೆ ಬರಬಹುದು, ಚಾಪೆ ಹಿಡಿದು ಬರುವವರು ಎಲ್ಲಿಂದ ಬರಬೇಕು? ಅಮ್ಮಾಜಮ್ಮ ಒಬ್ಬಳೇ ಹಳ್ಳಿಗೆ ಹೋದಳು. ಮುನಿಗಂಗಮ್ಮ ಉಳಿದಳು. ಬಚ್ಚಪ್ಪ ಕೇಜಿನಲ್ಲಿ ಇಳಿಯುವಾಗ ಹಾಡು ಗುನುಗಲು ಶುರು ಮಾಡಿದ.

ಒಂದೇ ಒಂದು ವಿಷಯ ಅವನಿಗೆ ಅರ್ಥವಾಗಲಿಲ್ಲ. ಅಷ್ಟು ತಂಪಿನಲ್ಲಿದ್ದೂ ಮುನಿಗಂಗಮ್ಮ ಸೊರಗುತ್ತಿದ್ದಳು. ಕೆನ್ನೆ ಕಪ್ಪಾಗುತ್ತಿತ್ತು, ಕತ್ತಿನಲ್ಲಿ ಬೆವರುಸಾಲೆ ಎದ್ದಿತ್ತು. ಕೇಳಿದರೆ, ‘ಏನಿಲ್ಲ ಮಾವ, ಒಲೆ ಮುಂದೆ ಇರ್ತೀನಲ್ಲ’ ಎನ್ನುತ್ತಿದ್ದಳು. ಅವನೂ ಒಲೆಯನ್ನೇ ನಂಬಿದ.

ಒಂದು ದಿನ ಕೇಜಿನ ಹಗ್ಗ ಸವೆದಿದೆಯೇ ನೋಡಬೇಕೆಂದು ಅವನ ಪಾಳಿಯವರನ್ನು ಬೇಗ ಮೇಲೆ ಕಳಿಸಿಬಿಟ್ಟರು. ನಡುಮಧ್ಯಾಹ್ನ. ಬಚ್ಚಪ್ಪನಿಗೆ ಖುಷಿಯೋ ಖುಷಿ. ತಾನಿಲ್ಲದ ಹೊತ್ತಿನಲ್ಲಿ ಹೆಂಡತಿ ತಂಪಾಗಿ ಕಾಲು ಚಾಚಿ ಮಲಗಿರುವುದನ್ನು ಒಂದು ಸಲವಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ದಾರಿಯಲ್ಲಿ ಅವಳಿಗೆಂದು ಸೌತೆಕಾಯಿ ಕೊಂಡ. ಓಣಿ ತಿರುಗಿದವನು ನಿಂತ. ಪೆಟ್ಟಿಗೆಯ ಸದ್ದಿಲ್ಲ. ಬಾಗಿಲು ಹಾರು ಹೊಡೆದಿತ್ತು. ಮುನಿಗಂಗಮ್ಮ ಹೊಸಿಲಿನ ಮೇಲೆ, ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ, ದೂರದ ಚಕ್ರದ ಕಡೆ ನೋಡುತ್ತ ಕೂತಿದ್ದಳು.

ಅವನನ್ನು ಕಂಡವಳು ದಡಬಡ ಎದ್ದಳು. ಹತ್ತಿರ ಓಡಿಬಂದು ತಲೆ, ತೋಳು, ಬೆನ್ನು ಮುಟ್ಟಿ ನೋಡಿದಳು.

“ಏನಾಯ್ತು ಮಾವ? ಇಷ್ಟೊತ್ಗೆ ಯಾಕ್ ಬಂದೆ? ಯಾರ್ಗಾಯ್ತು?”

“ಯಾರ್ಗೂ ಏನೂ ಆಗಿಲ್ಲ. ಅಗ್ಗ ನೋಡ್ತಾವ್ರೆ, ಅದ್ಕೇ ಬಿಟ್ಟವ್ರೆ. ನೀನ್ಯಾಕೆ ಇಲ್ಲಿ ಬಿಸಿಲ್ನಾಗೆ ಕೂತಿದ್ದೀಯ? ಮಿಷನ್ ಕೆಟ್ಟೋಯ್ತಾ?”

ಅವಳು ಒಳಗೆ ಹೋದಳು. ಬಚ್ಚಪ್ಪ ಹಿಂದೆಯೇ ಹೋಗಿ ಸ್ವಿಚ್ ಒತ್ತಿದ. ಪೆಟ್ಟಿಗೆ ಚೆನ್ನಾಗಿಯೇ ಗುಡುಗಿತು. ಅವನಿಗೆ ಸಿಟ್ಟು ಬಂತು. ಎಷ್ಟು ಆಸೆಯಿಂದ ತಂದದ್ದು, ಅಷ್ಟು ಜನರ ಬಾಯಿಗೆ ಬಿದ್ದು ತಂದದ್ದು.

“ಚೆನ್ನಾಗೇ ಐತಲ್ಲ! ನಾನು ಬರೋ ಒತ್ತಿಗೆ ಆಕ್ತೀಯ, ನಾನು ಓದ್ಮ್ಯಾಲೆ ಆರ್ಸ್ತೀಯ, ಅಲ್ವಾ? ಯಾರ್ಗೆ ತಂದಿದ್ದು ನಾನಿದ್ನ? ನನ್ಗಾ?”

ಮುನಿಗಂಗಮ್ಮ ಗೋಡೆಯ ಹಲಗೆಯ ಕಡೆ ಕೈ ತೋರಿಸಿದಳು. ಪೆಟ್ಟಿಗೆಯ ನಡುಕಕ್ಕೆ ಮನೆಯೇ ಸಣ್ಣಗೆ ನಡುಗುತ್ತಿತ್ತು. ಹಲಗೆಯ ಮೇಲೆ ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು.

“ಕೇಳಿಸ್ತಾ ಮಾವ? ಇದು ಆಕಿದ್ರೆ ಅವು ಸುಮ್ನೆ ಇರೋದೇ ಇಲ್ಲ. ಯಾವ್ದು ಮಿಷನ್ನು, ಯಾವ್ದು ಏರು ಅಂತ ನಂಗೆ ಎಂಗೆ ಗೊತ್ತಾಗ್ಬೇಕು? ನೀನು ಕೆಳಗಿರ್ತೀಯ.”

ಬಚ್ಚಪ್ಪ ಸ್ವಿಚ್ ಆರಿಸಿದ. ಪಾತ್ರೆಗಳು ಸುಮ್ಮನಾದವು. ತಗಡು ಮತ್ತೆ ಟಿಕ್ ಟಿಕ್ ಎನ್ನತೊಡಗಿತು. ಅವನು ಪೆದ್ದನ ಹಾಗೆ, “ಪಾತ್ರೆ ತೆಗ್ದು ಕೆಳಗಿಡು,” ಎಂದ.

“ಆಮ್ಯಾಲೆ ನಂಗೆ ಏಳೋರ್ಯಾರು?”

ಅವಳು ಅಲ್ಲೇ ಚಾಪೆಯ ಮೇಲೆ ಕೂತಳು. ಇಷ್ಟು ವರ್ಷ ಒಳಗಿಟ್ಟುಕೊಂಡದ್ದು ಆಗ ಹೊರಗೆ ಬಂತು.

“ಸೆಕೆ ಅಂತ ನಾನು ಊರಿಗೋಗ್ತಿದ್ದೆ ಅಂದ್ಕೊಂಡಿದ್ಯಾ? ನಾನು ಒಲದಾಗೆ ಬಿಸಿಲ್ನಾಗೇ ಬೆಳ್ದೋಳು. ಕನಕಕ್ಕ ನಿಂತಿದ್ದು ನೋಡಿದ್ನಲ್ಲ, ಅವತ್ತಿಂದ ನನ್ನ ಕೆಲ್ಸ ಅಂದ್ರೆ ಪಾತ್ರೆ ಕೇಳೋದೇ. ರೊಟ್ಟಿ ತಟ್ಟಿದ್ರೂ ಕೇಳ್ತಿರ್ತೀನಿ, ತಲೆ ಬಾಚಿದ್ರೂ ಕೇಳ್ತಿರ್ತೀನಿ. ಊರ್ನಾಗೆ ಅವು ಗಲ್ ಅನ್ನಲ್ಲ. ಬ್ಯಾರೆ ಕಾಲದಾಗೆ ಓಗಾಕೆ ಏನು ನೆಪ ಏಳ್ಲಿ? ಬ್ಯಾಸ್ಗೇಲಿ ಸೆಕೆ ಅಂತ ಒಂದು ನೆಪ ಸಿಕ್ತಿತ್ತು. ಕಿವಿಗೆ ನಾಕು ದಿನ ರಜಾ ಮಾವ, ಅಷ್ಟೇ.”

ಬಚ್ಚಪ್ಪ ಅವಳ ಪಕ್ಕದಲ್ಲಿ ಕೂತ. ಅವನಿಗೆ ನಾಚಿಕೆಯಾಯಿತು. ಕೆಳಗೆ ತಾನು ಕೂರಿಸಿದ ದಿಮ್ಮಿಗಳ ಕೆಳಗೆ ಬೇರೆಯವರು ನೆಮ್ಮದಿಯಾಗಿ ಕೂರುತ್ತಾರೆ ಎಂದು ಬೀಗುತ್ತಿದ್ದವನು, ಸ್ವಂತ ಮನೆಯ ಒಬ್ಬ ಜೀವ ಒಂದು ಗಳಿಗೆ ನೆಮ್ಮದಿಯಾಗಿ ಕೂತದ್ದನ್ನು ಕಂಡೇ ಇರಲಿಲ್ಲ. ಸೌತೆಕಾಯಿ ಕೈಯಲ್ಲೇ ಉಳಿದಿತ್ತು. ಹೆಚ್ಚಿ, ಉಪ್ಪು ಖಾರ ಹಚ್ಚಿ ಅವಳಿಗೆ ಕೊಟ್ಟ. ಇಬ್ಬರೂ ಸೆಕೆಯಲ್ಲೇ ಕೂತು ತಿಂದರು.

ಆಮೇಲಿನ ದಿನಗಳಲ್ಲಿ ಅವನು ಕೇಜಿನಲ್ಲಿ ಹಾಡಲಿಲ್ಲ. ಒಳಗಿನ ಕೆಲಸ ಬಿಡುವುದೆಂದರೆ ಅವನಿಗೆ ಮೀಸೆ ಬೋಳಿಸಿಕೊಂಡ ಹಾಗೆ. ಅಪ್ಪ ಮಾಡಿದ ಕೆಲಸ, ತಾನು ಬಲ್ಲ ಒಂದೇ ಕೆಲಸ. ಕೆಳಗಿನ ಗೆಳೆಯರು, ಕತ್ತಲಿನ ತಮಾಷೆ, ಪೈಪಿನ ಬಾಯಿಯ ಜಗಳ, ಇವೆಲ್ಲ ಹೋದರೆ ತಾನು ಯಾರು? ದಿಮ್ಮಿ ಬಿಗಿಯುತ್ತ ಬಿಗಿಯುತ್ತ ಇದನ್ನೇ ಯೋಚಿಸಿದ. ಆದರೆ ಬಂಡೆಗೆ ಕೈಯಿಟ್ಟಾಗಲೆಲ್ಲ ಮೇಲೆ ಎಲ್ಲೋ ಹೊಸಿಲಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡ ಒಂದು ತಲೆ ಕಣ್ಣಿಗೆ ಕಟ್ಟುತ್ತಿತ್ತು. ಕಡೆಗೆ ಒಂದು ಸಂಜೆ ಮೇಸ್ತ್ರಿಯ ಮುಂದೆ ಹೋಗಿ ನಿಂತು, ಮೇಲೆ ಮರದ ಯಾರ್ಡಿನಲ್ಲಿ ಕೆಲಸ ಕೊಡಿಸಿ ಎಂದು ಕೇಳಿದ.

ನಗಾಡಿದವರಿಗೇನು ಕಡಿಮೆ? ‘ಎಂಡ್ತಿ ಸೆರಗು ಸಿಕ್ತೇನ್ಲಾ ಬಚ್ಚ, ಬಿಸಿಲ್ನಾಗೆ ಬಾಡೋಗ್ಬ್ಯಾಡ ಕಣ್ಲಾ’ ಎಂದರು. ಸಂಬಳ ಇಳಿಯಿತು, ಗತ್ತು ಇಳಿಯಿತು. ಮನೆಗೆ ಬಂದು ಉಣ್ಣುವಾಗ, ತಲೆಯೆತ್ತದೆ ಹೇಳಿದ: “ನಾಳೆಯಿಂದ ನಾನು ಮೇಲೇ. ಮರದ ಯಾರ್ಡ್ನಾಗೆ.”

ಮುನಿಗಂಗಮ್ಮ ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡಳು. “ಇನ್ನೊಂಚೂರು ಸಾರು ಆಕ್ಲಾ?” ಎಂದಳು. ಅವನ ಮುಖವನ್ನೇ ನೋಡುತ್ತ ಹಾಕಿದ ಸಾರು ಅರ್ಧ ನೆಲಕ್ಕೆ ಹೋಯಿತು.

ಮರುದಿನ ಬಚ್ಚಪ್ಪ ಆಕಾಶದ ಕೆಳಗೆ ದಿಮ್ಮಿ ಕೊಯ್ದ. ಕೆಳಗಿನವರಿಗೆ ತಂಪು ಗಾಳಿ, ಇವನಿಗೆ ನೆತ್ತಿಯ ಮೇಲೆ ಸೂರ್ಯ. ಬೆವರು ಕಣ್ಣಿಗಿಳಿದು ಉರಿಯಿತು, ಅಂಗೈಯಲ್ಲಿ ಹೊಸ ಬೊಬ್ಬೆ ಎದ್ದಿತು. ಕೆಲಸ ಬಿಟ್ಟು, ಸುಟ್ಟ ಮುಖ ಹೊತ್ತುಕೊಂಡು ನಡೆದು ಬಂದ. ಓಣಿ ತಿರುಗಿದ್ದೇ ಕೇಳಿಸಿತು. ಪೆಟ್ಟಿಗೆ ಗುಡುಗುತ್ತಿತ್ತು. ಬಾಗಿಲು ಮುಚ್ಚಿತ್ತು.

ಮೆಲ್ಲಗೆ ದೂಡಿ ಒಳಗೆ ಬಂದ. ನಸುಗತ್ತಲು, ಮಾಗಿಯ ತಂಪು. ಮುನಿಗಂಗಮ್ಮ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ತುರುಬು ಬಿಚ್ಚಿತ್ತು, ಬಾಯಿ ಕೊಂಚ ತೆರೆದಿತ್ತು, ಸಣ್ಣಗೆ ಗೊರಕೆ. ಅವಳನ್ನು ದಾಟಿ ಹೋಗುವಾಗ ಬಚ್ಚಪ್ಪನ ಕೈಯಿಂದ ಬುತ್ತಿಯ ಡಬ್ಬಿ ಜಾರಿ ಠಣಾರನೆ ನೆಲಕ್ಕೆ ಬಿತ್ತು. ಅವನು ಉಸಿರು ಹಿಡಿದು ನಿಂತ. ಅವಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರಿದಳು.

ಹೊರಗಿನಿಂದ ಪಾಪಕ್ಕ, “ಗಂಗಮ್ಮಾ, ಮಜ್ಜಿಗೆ ಗಡಿಗೆ ಒಳಗಿಡ್ಲಾ?” ಎಂದು ಕೂಗುತ್ತ ಬಂದಳು. ಬಚ್ಚಪ್ಪ ಬಾಗಿಲಿಗೆ ಹಾರಿ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದ. ಪಾಪಕ್ಕ ಗುಡುಗುವ ಪೆಟ್ಟಿಗೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. “ರೈಲು ಇಂಜನ್ ಪಕ್ಕ ಮಲಗಿಸ್ಕೊಂಡು ನಂಗೆ ಮೆತ್ತಗೆ ಮಾತಾಡು ಅಂತೀಯ!” ಎಂದವಳು, ಒಳಗೆ ಇಣುಕಿ ನೋಡಿ, ಗಡಿಗೆ ಎತ್ತಿಕೊಂಡು ತುದಿಗಾಲಿನಲ್ಲಿ ವಾಪಸು ಹೋದಳು.

ಬಚ್ಚಪ್ಪ ಗೋಡೆಗೊರಗಿ ಕೂತ. ಹಸಿವಾಗಿತ್ತು, ಆದರೂ ಎಬ್ಬಿಸಲಿಲ್ಲ. ಮದುವೆಯಾದಾಗಿನಿಂದ, ಅವಳು ಮನೆಯಲ್ಲಿದ್ದಾಗ, ಅವನು ಈ ಬಾಗಿಲನ್ನು ತಾನಾಗಿ ತೆಗೆದದ್ದು ಇದೇ ಮೊದಲು. ಯಾವ ಪಾಳಿಯಿರಲಿ, ಓಣಿಯಲ್ಲಿ ಹೆಜ್ಜೆ ಸದ್ದಾದರೆ ಸಾಕು, ಅವಳು ಬಾಗಿಲು ತೆಗೆದು ನಿಂತಿರುತ್ತಿದ್ದಳು. ಅದನ್ನು ಅವನು ಇಷ್ಟು ದಿನ ಪ್ರೀತಿ ಎಂದಷ್ಟೇ ತಿಳಿದಿದ್ದ.

ಹೊತ್ತು ಮುಳುಗುವಾಗ ಮುನಿಗಂಗಮ್ಮ ಕಣ್ಣು ಬಿಟ್ಟಳು. ಗಂಡ ಎದುರಿಗೆ ಕೂತಿದ್ದ. ಒಂದು ಗಳಿಗೆ ಅವಳಿಗೆ ಅದು ಯಾವ ಹೊತ್ತೆಂದೇ ತಿಳಿಯಲಿಲ್ಲ.

“ಯಾವಾಗ ಬಂದೆ ಮಾವ?” ಎಂದಳು. “ನಂಗೆ ಗೊತ್ತೇ ಆಗ್ಲಿಲ್ಲ.”

ಅಷ್ಟು ಸುಖದ ಮಾತನ್ನು ಬಚ್ಚಪ್ಪ ಯಾರ ಬಾಯಲ್ಲೂ ಕೇಳಿರಲಿಲ್ಲ.

“ಈಗ್ಲೇ ಬಂದೆ,” ಎಂದು ಸುಳ್ಳು ಹೇಳಿದ. “ಇನ್ನೊಂಚೂರು ಮಲ್ಕೊ.”